ತಲೆಯ ಮೇಲಿನ ಫ್ಯಾನು

ನಾನು ಕೊನೆಯ ಸಾಲಿನಲ್ಲಿ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕುಳಿತಿದ್ದೆ. ಎದುರಿಗೆ ಕಪ್ಪು ಹಲಗೆಯ ಹತ್ತಿರ ನಿಂತಿದ್ದವರು ಚಿಕ್ಕಂದಿನಲ್ಲಿ ನನಗೆ ಅಕ್ಷರ ಕಲಿಸಿದ ಅಕ್ಕೋರು. ಅವರ ಕೈಯಲ್ಲೊಂದು ರೊಟ್ಟಿ ಬುಟ್ಟಿ, ಒಂದು ಲಿಂಬೆಹಣ್ಣು. ಹಣ್ಣನ್ನು ಬುಟ್ಟಿಯಲ್ಲಿಟ್ಟು ‘ಇನ್’ ಎಂದರು. ಬುಟ್ಟಿ ಬೋರಲು ಹಾಕಿ ಹಣ್ಣನ್ನು ಅದರ ಮೇಲಿಟ್ಟು ‘ಆನ್’ ಎಂದರು. ಕೆಳಗೆ ತಳ್ಳಿ ‘ಅಂಡರ್’ ಎಂದರು. ಐದನೆಯ ತರಗತಿಯ ಮೂವತ್ತು ಮಕ್ಕಳು ‘ಇನ್ ಅಂದ್ರ ಒಳಗ, ಆನ್ ಅಂದ್ರ ಮ್ಯಾಲ, ಅಂಡರ್ ಅಂದ್ರ ತೆಳಗ’ ಎಂದು ಹಂಚು ಹಾರುವಂತೆ ಒದರಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಅಕ್ಕೋರು ತಲೆ ಎತ್ತಿ, ಗಿರಗಿರ ತಿರುಗುತ್ತಿದ್ದ ಫ್ಯಾನಿನತ್ತ ಬೆರಳು ಮಾಡಿ, ‘ದ ಫ್ಯಾನ್ ಈಸ್ ಆನ್ ಮೈ ಹೆಡ್’ ಎಂದು ಹಲಗೆಯ ಮೇಲೆ ದುಂಡಗೆ ಬರೆದರು. ಮಕ್ಕಳು ಬರೆದುಕೊಂಡರು.

ಇಂಗ್ಲಿಷಿನಲ್ಲಿ ಹಾಗೆಂದರೆ ಫ್ಯಾನು ಟೊಪ್ಪಿಗೆಯ ಹಾಗೆ ತಲೆಗೆ ಅಂಟಿಕೊಂಡು ಕೂತಿದೆ ಎಂದರ್ಥ. ತಾಗದೆ ಮೇಲಿದ್ದರೆ ‘ಅಬವ್’ ಎನ್ನಬೇಕು. ಇದೊಂದೇ ಆಗಿದ್ದರೆ ಬಾಯಿತಪ್ಪಿನಿಂದ ಆಗಿದ್ದು ಎಂದು ಸುಮ್ಮನಾಗಬಹುದಿತ್ತು. ಮುಂದಿನ ಅರ್ಧ ಗಂಟೆಯಲ್ಲಿ ಅವರು ಸೋಮವಾರಕ್ಕೆ ‘ಇನ್’ ಹಚ್ಚಿದರು, ಸಿಟ್ಟಿಗೆ ‘ಆನ್’ ಹಚ್ಚಿದರು, ಬಸ್ ಸ್ಟ್ಯಾಂಡಿಗೂ ‘ಇನ್’ ಎಂದರು. ನಮ್ಮ ಮಾತಿನಲ್ಲಿ ಹೇಗಿದೆಯೋ ಹಾಗೇ ಒಂದೊಂದನ್ನೂ ಎತ್ತಿ ಇಂಗ್ಲಿಷಿಗೆ ಇಳಿಸುತ್ತಾ ಹೋದರು. ಪ್ರತಿ ವಾಕ್ಯ ಮುಗಿದಾಗಲೂ ಒಮ್ಮೆ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ನಾನು ಸಿಆರ್‌ಪಿ. ತಿಕೋಟಾ ಸುತ್ತಲಿನ ಹತ್ತು ಹನ್ನೆರಡು ಪ್ರಾಥಮಿಕ ಶಾಲೆಗಳಿಗೆ ಬೈಕಿನ ಮೇಲೆ ಓಡಾಡಿ, ಪಾಠ ನೋಡಿ, ಸರಿ ತಪ್ಪು ಹೇಳಿ, ವರದಿ ಕಳಿಸುವವನು. ಇಂಗ್ಲಿಷ್ ನನಗೂ ತಾಯಿಯ ಹಾಲಿನ ಜೊತೆ ಬಂದಿದ್ದಲ್ಲ. ಮನೆಯಲ್ಲಿ ನಮ್ಮದು ದಖನಿ ಉರ್ದು. ಅಪ್ಪನದು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡುವ ಸಣ್ಣ ಅಂಗಡಿ. ಹತ್ತಿರದ ಸರಕಾರಿ ಶಾಲೆಗೆ ನನ್ನನ್ನು ನೂಕಿದಾಗ ಕನ್ನಡದ ಒಂದು ವಾಕ್ಯವೂ ನೆಟ್ಟಗೆ ಬರುತ್ತಿರಲಿಲ್ಲ. ಈ ಅಕ್ಕೋರು ಆಗ ಹೊಸದಾಗಿ ನೌಕರಿಗೆ ಸೇರಿದ್ದರು. ‘ಮನೆಯಲ್ಲಿ, ಮನೆಗೆ, ಮನೆಯಿಂದ’ ಎಂದು ನನ್ನ ಬೆರಳು ಹಿಡಿದು ತಿದ್ದಿಸಿದವರು ಅವರೇ. ನಾನು ಮಾಸ್ತರನಾದ ದಿನ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಅಪ್ಪನ ಹತ್ತಿರ ಹೋಗಿದ್ದೆ.

ಇನ್ನೊಂದು ಮಾತು. ಶಿಕ್ಷಕರ ತರಬೇತಿಗೆ ಸೇರಿದ ಹೊಸದರಲ್ಲಿ ನಾನು ತಡವಾಗಿ ಬಂದದ್ದಕ್ಕೆ ಕಾರಣ ಕೇಳಿದರು. ‘ಮೈ ಫಾದರ್ ಈಸ್ ಆಂಗ್ರಿ ಆನ್ ಮಿ’ ಎಂದು ಎದೆ ಉಬ್ಬಿಸಿ ಹೇಳಿದೆ. ಇಡೀ ಕ್ಲಾಸು ನಕ್ಕಿತು. ಅಲ್ಲಿ ‘ವಿತ್’ ಬರಬೇಕೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಆ ನಗೆ ಮಾತ್ರ ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ಈ ಸಣ್ಣ ಸಣ್ಣ ಶಬ್ದಗಳ ಮೇಲೆ ಹಟ ಸಾಧಿಸಿದೆ. ದೊಡ್ಡ ಶಬ್ದ ಗೊತ್ತಿಲ್ಲದಿದ್ದರೆ ಯಾರೂ ನಗುವುದಿಲ್ಲ, ಎರಡಕ್ಷರದ ಶಬ್ದ ತಪ್ಪಿದರೆ ನಗುತ್ತಾರೆ. ಕನ್ನಡದಲ್ಲಿ ಇವೆಲ್ಲ ಹೆಸರಿನ ಕೊನೆಗೆ ಅಂಟಿಕೊಂಡು ಬರುತ್ತವೆ. ಸ್ಟ್ಯಾಂಡಿನ್ಯಾಗ, ರೋಡಿನ್ಯಾಗ, ವಿಜಾಪುರದಾಗ ಎಂದು ಒಂದರಲ್ಲೇ ಮೂರೂ ಮುಗಿಯುತ್ತವೆ. ಇಂಗ್ಲಿಷಿನಲ್ಲಿ ಹೆಸರಿಗಿಂತ ಮೊದಲು ಬರಬೇಕು, ಅದೂ ಒಂದೊಂದಕ್ಕೆ ಒಂದೊಂದು. ಸ್ಟ್ಯಾಂಡಿಗೆ ‘ಅಟ್’, ರಸ್ತೆಗೆ ‘ಆನ್’, ಊರಿಗೆ ‘ಇನ್’. ಬಸ್ಸಿಗೆ ‘ಆನ್’ ಅಂತೆ, ಕಾರಿಗೆ ‘ಇನ್’ ಅಂತೆ. ಯಾಕೆಂದು ಕೇಳಿದರೆ ನಮಗೆ ಪಾಠ ಹೇಳಿದವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಇಷ್ಟು ಗೊತ್ತಿದ್ದೂ ನಾನು ಅವತ್ತು ಏನು ಮಾಡಿದೆ? ಪಾಠ ಮುಗಿದ ಮೇಲೆ ಮುಖ್ಯ ಗುರುಗಳ ಕೋಣೆಯಲ್ಲಿ ಚಹ ಬಂತು, ಚುರುಮುರಿ ಬಂತು, ಭೇಟಿ ಪುಸ್ತಕವೂ ಬಂತು. ಶಾಲೆಗೆ ಬಂದುಹೋಗುವವರು ತಮ್ಮ ಅಭಿಪ್ರಾಯ ಬರೆಯುವ ಪುಸ್ತಕ ಅದು. ಎಲ್ಲರೂ ‘ಬೋಧನೆ ತೃಪ್ತಿಕರ’ ಎಂದು ಗೀಚಿ ಎದ್ದುಹೋಗುತ್ತಾರೆ. ಅಕ್ಕೋರು ಪಕ್ಕದಲ್ಲೇ ಸೆರಗು ಹೊದ್ದು ನಿಂತಿದ್ದರು. ಅವರ ಎದುರಿಗೆ ಬರೀ ‘ತೃಪ್ತಿಕರ’ ಎಂದು ಬರೆಯಲು ನನ್ನ ಕೈ ಬರಲಿಲ್ಲ. ‘ಇಂಗ್ಲಿಷ್ ಬೋಧನೆ ಅತ್ಯುತ್ತಮ, ಇತರರಿಗೆ ಮಾದರಿ’ ಎಂದು ಬರೆದೆ. ತಿಂಗಳ ವರದಿಯಲ್ಲೂ ಅದನ್ನೇ ಇಳಿಸಿದೆ. ನಿವೃತ್ತಿಗೆ ಎರಡು ವರ್ಷ ಉಳಿದವರು, ಇಂಗ್ಲಿಷಿನ ಹುದ್ದೆ ಖಾಲಿ ಇರುವುದರಿಂದ ಬೇಡವೆಂದರೂ ಇವರ ಕೊರಳಿಗೆ ಬಿದ್ದಿದೆ, ಹೋಗಲಿ ಬಿಡು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಲಿಸಿದವರ ತಪ್ಪನ್ನು ಕಲಿತವನು ಎತ್ತಿ ಆಡಬಾರದು ಎಂಬುದು ನಮ್ಮಲ್ಲಿ ರಕ್ತಕ್ಕೇ ಇಳಿದುಬಿಟ್ಟಿದೆ. ಅದು ಜುಲೈ ತಿಂಗಳು.

ನವೆಂಬರಿನ ಒಂದು ಗುರುವಾರ ಬಬಲೇಶ್ವರದಲ್ಲಿ ಸಿಆರ್‌ಪಿಗಳ ಸಭೆ ಇತ್ತು. ಮುಂದಿನ ವಾರದ ಶನಿವಾರ ಅಲ್ಲೇ ಇಂಗ್ಲಿಷ್ ಕಲಿಸುವವರ ಕಾರ್ಯಾಗಾರ, ಅರವತ್ತು ಶಿಕ್ಷಕರು ಬರುತ್ತಾರೆ, ವಿಷಯ ಪ್ರಿಪೊಸಿಷನ್ ಎಂದು ಶಿಕ್ಷಣ ಇಲಾಖೆಯ ಅಧಿಕಾರಿಗಳು ಹೇಳಿದರು. ಆಮೇಲೆ ನನ್ನ ವರದಿಯನ್ನು ಮೇಲಕ್ಕೆತ್ತಿ ಹಿಡಿದು, ಈ ಇಳಿವಯಸ್ಸಿನಲ್ಲೂ ಇಷ್ಟು ಚಂದ ಕಲಿಸುವ ಅಕ್ಕೋರೊಬ್ಬರು ನಮ್ಮಲ್ಲಿದ್ದಾರೆ, ಮಾದರಿ ಪಾಠ ಅವರಿಂದಲೇ ಆಗಲಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಆಗಲೇ ಎದ್ದು ನಿಂತು ಬೇಡ ಸರ್ ಎನ್ನಬೇಕಿತ್ತು. ಎದ್ದು ನಿಂತರೆ ನಾಲ್ಕು ತಿಂಗಳ ಹಿಂದೆ ಬರೆದದ್ದು ಸುಳ್ಳೆಂದು ಒಪ್ಪಬೇಕಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ಅಲ್ಲಿಂದ ಮನೆಗೆ ಬರುವವರೆಗೂ ಕಣ್ಣ ಮುಂದೆ ಅದೇ ಚಿತ್ರ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು, ಕೈಯಲ್ಲಿ ಮೊಬೈಲು, ಈಗ ಎಲ್ಲದಕ್ಕೂ ವಿಡಿಯೊ. ಅಕ್ಕೋರು ಫ್ಯಾನು ತೋರಿಸಿ ಅದೇ ವಾಕ್ಯ ಬರೆದರೆ ಸಂಜೆಯೊಳಗೆ ಅದು ಎಲ್ಲ ಶಿಕ್ಷಕರ ವಾಟ್ಸಾಪ್ ಗುಂಪುಗಳಿಗೂ ಹೋಗುತ್ತದೆ. ಮೂವತ್ತಾರು ವರ್ಷ ತಲೆ ತಗ್ಗಿಸದೆ ಕೆಲಸ ಮಾಡಿದ ಹೆಂಗಸು ಕೊನೆಗೆ ಒಂದು ನಗೆಚಾಟಿಕೆಯಾಗಿ ಉಳಿಯುತ್ತಾರೆ. ಅಲ್ಲಿಗೆ ಅವರನ್ನು ಕೈಹಿಡಿದು ಕರೆದೊಯ್ದು ನಿಲ್ಲಿಸುತ್ತಿರುವವನು ನಾನು. ರಾತ್ರಿ ಊಟಕ್ಕೆ ಕೂತವನು ಉಪ್ಪು ಹೆಚ್ಚಾಗಿದೆ ಎಂದು ಸುಮ್ಮಸುಮ್ಮನೆ ಹೆಂಡತಿಯ ಮೇಲೆ ಹರಿಹಾಯ್ದೆ.

ಭಾನುವಾರ ಮುಂಜಾನೆ ವಿಜಯಪುರದಲ್ಲಿರುವ ಅವರ ಮನೆಗೆ ಹೋದೆ. ಏನಾದರಾಗಲಿ ಹೇಳಿಬಿಡುವುದೇ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲಲ್ಲೇ ಅವರ ಮುಖ ನೋಡಿ ಜೋಡಿಸಿದ್ದೆಲ್ಲ ಚೆದುರಿಹೋಯಿತು. ಕಾರ್ಯಾಗಾರದ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು, ಪಡಸಾಲೆಯ ತುಂಬ ಬಣ್ಣದ ಡ್ರಾಯಿಂಗ್ ಹಾಳೆಗಳು. ಒಂದರಲ್ಲಿ ಮರ, ಮರದ ಕೆಳಗೆ ಆಕಳು. ಇನ್ನೊಂದರಲ್ಲಿ ಒಬ್ಬ ಅಕ್ಕೋರು, ತಲೆಯ ಮೇಲೆ ಫ್ಯಾನು. ಚುರುಮುರಿಗೆ ಒಗ್ಗರಣೆ ಹಾಕಿ ಸುಸಲಾ ಮಾಡಿ ತಂದಿಟ್ಟರು. ತಿನ್ನು ತಿನ್ನು ಎಂದು ಮತ್ತೆ ಮತ್ತೆ ಬಡಿಸಿದರು. ಇಷ್ಟು ವರ್ಷದ ನೌಕರಿಯಲ್ಲಿ ತಮ್ಮನ್ನು ಯಾರೂ ಒಂದು ವೇದಿಕೆಗೆ ಕರೆದಿರಲಿಲ್ಲ ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನೋಡಲಾರದೆ ನಾನು ತಾಟಿನ ಕಡೆ ನೋಡಿದೆ.

ಮಾತಿನ ನಡುವೆ ಅವರೇ ಒಂದು ಸಂಗತಿ ತೆಗೆದರು. ದಸರೆ ಮುಗಿದ ಮೇಲೆ ಅವರ ಶಾಲೆಗೆ ಒಬ್ಬ ಹುಡುಗಿ ಅತಿಥಿ ಶಿಕ್ಷಕಿಯಾಗಿ ಬಂದಿದ್ದಳು. ಇಪ್ಪತ್ತಮೂರು ವರ್ಷದವಳು. ಫ್ಯಾನಿನ ವಾಕ್ಯ ತಪ್ಪಿದೆ ಅಕ್ಕೋರ ಎಂದು ಅವಳು ಮೆಲ್ಲಗೆ ಹೇಳಿದ್ದಳಂತೆ.

‘ನಾ ಆಕೀಗೆ ಚಂದಂಗ ಬೈದೆ ನೋಡು,’ ಎಂದರು ಅಕ್ಕೋರು. ‘ಸಿಆರ್‌ಪಿ ಸಾಹೇಬ್ರಽ ಕುಂತು ನೋಡಿ ಬರದ ಹೋಗ್ಯಾರ, ಅವ ನನ್ನ ಕೈಯಾಗ ಕಲತಾವ, ನನ್ನ ಮುಂದ ಸುಳ್ಳ ಬರಿಯಾಂವಲ್ಲ ಅಂತ ಹೇಳ್ದೆ. ಪಾಪ, ಸುಮ್ನಾದ್ಲು. ಅಂದ್ರೂ ನೀ ಒಮ್ಮಿ ಈ ಹಾಳಿ ಎಲ್ಲಾ ನೋಡಿಬಿಡು. ಏನರ ತಪ್ಪಿದ್ರ ಈಗಽ ಹೇಳು.’

ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಗುತ್ತದೆ? ಬಾಗಿಲು ತೆರೆದು, ಬಾ ಎಂದು ಕೈ ಮಾಡಿ ಕರೆದಂತೆ ಇತ್ತು. ನಾನು ಒಂದೊಂದೇ ಹಾಳೆ ಎತ್ತಿ ನೋಡಿದೆ. ಏಳರಲ್ಲಿ ಐದು ತಪ್ಪಿದ್ದವು. ‘ಎಲ್ಲಾ ಬರೋಬ್ಬರಿ ಅದಾವ್ರಿ ಅಕ್ಕೋರ’ ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತೆಂದು ಈಗಲೂ ನಂಬಲಾಗುವುದಿಲ್ಲ. ಹೊರಗೆ ಬಂದು ಬೈಕಿಗೆ ಕಿಕ್ ಹೊಡೆದೆ. ಸೀದಾ ಮನೆಗೆ ಹೋಗಲು ಮನಸ್ಸಾಗದೆ ತೊರವಿಯವರೆಗೆ ಹೋಗಿ, ಒಂದು ಚಹದಂಗಡಿಯಲ್ಲಿ ಕೂತು, ನನ್ನನ್ನು ನಾನೇ ಕೆಟ್ಟ ಕೆಟ್ಟ ಮಾತುಗಳಲ್ಲಿ ಬೈದುಕೊಂಡೆ. ಹೇಡಿ ಎಂಬುದು ಅದರಲ್ಲಿ ತೀರಾ ಸೌಮ್ಯವಾದದ್ದು.

ಹೇಡಿಗಳಿಗೆ ಅಡ್ಡದಾರಿ ಬೇಗ ಹೊಳೆಯುತ್ತದೆ. ಸೋಮವಾರ ಮುಂಜಾನೆ ಅಧಿಕಾರಿಗಳನ್ನು ಕಂಡು, ಅಕ್ಕೋರಿಗೆ ಬಿಪಿ ಜಾಸ್ತಿಯಾಗಿದೆ, ಅಷ್ಟು ಜನರ ಮುಂದೆ ನಿಲ್ಲುವುದು ಕಷ್ಟ, ಬೇರೆ ಯಾರನ್ನಾದರೂ ಹಾಕಿ ಎಂದು ಕೇಳಿಕೊಂಡೆ. ಅವರು ಆದೇಶ ಹೋಗಿದೆ, ಈಗ ಬದಲಿಸಲಾಗದು ಎಂದರು. ಇಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಪಕ್ಕದ ಟೇಬಲ್ಲಿನ ಗುಮಾಸ್ತರು ಸಂಜೆಯೊಳಗೆ ಅಕ್ಕೋರಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದ್ದರು.

ಆರು ಗಂಟೆಗೆ ನನ್ನ ಫೋನು ರಿಂಗಾಯಿತು. ಅಕ್ಕೋರ ದನಿ ಸಣ್ಣಗೆ, ಬಿಗಿಯಾಗಿ ಇತ್ತು. ಚಿಕ್ಕಂದಿನಲ್ಲಿ ಆ ದನಿ ಕೇಳಿದರೆ ನಾವು ಪಾಟಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದೆವು.

‘ನನ್ನ ಹೆಸರ ತಗಸಾಕ ಹೋಗಿದ್ದ್ಯಂತಲ್ಲ. ನನಗ ಬಿಪಿ ಐತಿ ಅಂತ ನಿನಗ ಯಾರ ಹೇಳ್ಯಾರ?’

ನಾನು ಏನೋ ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಮರುದಿನ ಮುಂಜಾನೆ ಎಂಟಕ್ಕೆ ತಿಕೋಟಾ ಸ್ಟ್ಯಾಂಡಿಗೆ ಬಾ, ಮಾರಿ ನೋಡಿ ಮಾತಾಡೋಣ ಎಂದು ಫೋನ್ ಇಟ್ಟರು. ವಿಜಯಪುರದಿಂದ ಬಂದು ಅಲ್ಲಿಳಿದು, ಕಳ್ಳಕವಟಗಿ ಕಡೆಯ ಬಸ್ಸು ಹಿಡಿದು ಅವರು ಶಾಲೆಗೆ ಹೋಗುತ್ತಿದ್ದರು.

ಎಂಟಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಸ್ಟ್ಯಾಂಡಿನ ತುಂಬ ಕಾಲೇಜಿನ ಮಕ್ಕಳು, ತರಕಾರಿ ಬುಟ್ಟಿಗಳು, ಗಿರಾಕಿ ಕರೆಯುವ ಟಂಟಂ ಆಟೋದವರು. ಅಕ್ಕೋರು ಬಸ್ಸಿಳಿದು ನೇರ ನನ್ನ ಎದುರಿಗೆ ಬಂದು ನಿಂತರು. ಕೈಯಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆಗಳು. ಯಾಕೆ ಹೀಗೆ ಮಾಡಿದೆ, ನಾನು ಮುದುಕಿ ಎಂದೋ, ನಿನಗೇ ಆ ವೇದಿಕೆ ಬೇಕಿತ್ತೆಂದೋ ಎಂದು ಕೇಳಿದರು. ಇದನ್ನು ಕೇಳಿದ ಮೇಲೆ ನನಗೆ ಉಳಿದ ದಾರಿ ಒಂದೇ ಆಗಿತ್ತು.

‘ಅಕ್ಕೋರ, ನೀವು ಕಲಸಾಕತ್ತಿದ್ದು ತಪ್ಪ ಐತ್ರಿ,’ ಎಂದೆ. ‘ಫ್ಯಾನಿಂದಷ್ಟಽ ಅಲ್ಲ. ಭಾಳ ಕಡೆ ತಪ್ಪ ಅದಾವ್ರಿ.’

ಒಂದು ಬಸ್ಸು ಬಂದು ಹಾರ್ನ್ ಹೊಡೆದು ಹೋಯಿತು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು.

‘ಯಾವಾಗ ಗೊತ್ತಾತು ನಿನಗ?’

‘ಅವತ್ತಽ ರಿ. ಜುಲೈದಾಗ, ಬೆಂಚಿನ ಮ್ಯಾಲ ಕುಂತಾಗ.’

‘ಮೊನ್ನೆ ಐತಾರ ಮನ್ಯಾಗ ಕುಂತು ಹಾಳಿ ನೋಡ್ದೆಲ್ಲ, ಆವಾಗೂ ಗೊತ್ತಿತ್ತು?’

ನಾನು ಹೌದೆಂದು ತಲೆ ಆಡಿಸಿದೆ. ನಿಮ್ಮ ಮರ್ಯಾದೆ ಉಳಿಯಲಿ ಎಂದು ಹಾಗೆ ಮಾಡಿದೆ ಎಂದು ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

‘ನನ್ನ ಮಾರಿ ಉಳಸಾಕ ಹೋದಿ. ಮೂವತ್ತ ಹುಡುಗ್ರು ನಾಕ ತಿಂಗಳ ತಪ್ಪ ಬರದಾರ. ಆ ಹುಡುಗಿ ಖರೇ ಹೇಳಾಕ ಬಂದ್ರ, ನಿನ್ನ ಬರಹ ತೋರಿಸಿ ಆಕಿ ಬಾಯಿ ಮುಚ್ಚಿಸೀನಿ. ಇದಕ್ಕೆಲ್ಲಾ ಏನ ಅನ್ಬೇಕು?’

ಇನ್ನೂ ನಾಲ್ಕು ದಿನ ಇವೆ, ದಿನಾ ಸಂಜೆ ಮನೆಗೆ ಬಂದು ಎಲ್ಲ ಹೇಳಿಕೊಡುತ್ತೇನೆ ಎಂದೆ. ಬೇಡಿಕೊಂಡೆ ಎಂದರೇ ಸರಿ.

‘ಬ್ಯಾಡ,’ ಎಂದರು. ‘ನೀ ಹೇಳೂದು ಖರೇನೋ ಸುಳ್ಳೋ ನನಗ ಹೆಂಗ ಗೊತ್ತಾಗಬೇಕು?’

ಅವರ ಬಸ್ಸು ಬಂತು. ಹತ್ತಿ ಹೋದರು. ಹಿಂದಿರುಗಿ ನೋಡಲಿಲ್ಲ.

ಆ ನಾಲ್ಕು ದಿನ ನಾನು ಹೇಗೆ ಕಳೆದೆನೋ. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವರು ಬರುವುದಿಲ್ಲವೆಂದು ಒಮ್ಮೆ ಅನ್ನಿಸುತ್ತಿತ್ತು, ಬಂದು ಅದೇ ಹಾಳೆಗಳನ್ನು ತೂಗುಹಾಕುತ್ತಾರೆಂದು ಇನ್ನೊಮ್ಮೆ. ಎಲ್ಲರ ಮುಂದೆ ನನ್ನ ಹೆಸರು ಹೇಳುತ್ತಾರೆಂದೂ ಅನ್ನಿಸಿತು. ಒಪ್ಪಿಕೊಳ್ಳುತ್ತೇನೆ, ಶುಕ್ರವಾರದ ಹೊತ್ತಿಗೆ ನನಗೆ ಅವರ ಮರ್ಯಾದೆಗಿಂತ ನನ್ನದರ ಚಿಂತೆಯೇ ಹೆಚ್ಚಾಗಿತ್ತು.

ಶನಿವಾರ ಬಬಲೇಶ್ವರದ ಸಭಾಭವನ ಹನ್ನೊಂದಕ್ಕೇ ತುಂಬಿತು. ಮುಂದೆ ಅಲ್ಲಿಯ ಶಾಲೆಯ ಇಪ್ಪತ್ತು ಮಕ್ಕಳನ್ನು ಕೂರಿಸಿದ್ದರು, ಅವರ ಹಿಂದೆ ಶಿಕ್ಷಕರು. ನಾನು ಕಂಬದ ಪಕ್ಕ ಸೇರಿಕೊಂಡೆ. ಅಕ್ಕೋರು ಬಂದರು. ಜೊತೆಗೆ ತೆಳ್ಳಗಿನ ಒಬ್ಬ ಹುಡುಗಿ, ಚೂಡಿದಾರ ತೊಟ್ಟವಳು. ಹಾಳೆಗಳಿರಲಿಲ್ಲ. ಅಕ್ಕೋರು ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಮೊದಲಿಗೆ ಬರೆದದ್ದು ಅದೇ ವಾಕ್ಯ. ದ ಫ್ಯಾನ್ ಈಸ್ ಆನ್ ಮೈ ಹೆಡ್.

ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಅದಕ್ಕೆ ದನಿಗೂಡಿಸಿದರು. ಏಳೆಂಟು ಮೊಬೈಲುಗಳು ಮೇಲೆದ್ದವು. ಅಕ್ಕೋರು ತಿರುಗಿ, ನಗೆ ನಿಲ್ಲುವವರೆಗೆ ಸುಮ್ಮನೆ ನಿಂತರು.

‘ನಾ ನಾಕ ತಿಂಗಳ ನನ್ನ ಸಾಲ್ಯಾಗ ಹಿಂಗಽ ಕಲಿಸೀನಿ,’ ಎಂದರು. ‘ತಪ್ಪು ಅಂತ ನನಗ ಹೇಳಿದಾಕಿ ಈ ಹುಡುಗಿ. ಬುಧವಾರ ನನ್ನ ಹುಡುಗ್ರ ಮುಂದ ನಿಂತು ಎಲ್ಲಾ ಹೊಡದ ಹಾಕಿಸಿ ಮತ್ತ ಬರಿಸೀನಿ. ಈಗ ಎಲ್ಲಾರೂ ತಲಿ ಮ್ಯಾಲ ಕೈ ಇಟ್ಟಕೋರ್ರಿ.’

ಮಕ್ಕಳು ಇಟ್ಟುಕೊಂಡರು. ಅಕ್ಕೋರು ಹಿಂದಿನ ಸಾಲುಗಳತ್ತಲೂ ನೋಡುತ್ತ ನಿಂತದ್ದರಿಂದ ಶಿಕ್ಷಕರೂ ಮೊಬೈಲು ತೊಡೆಯ ಮೇಲಿಟ್ಟು ಕೈ ಇಟ್ಟುಕೊಂಡರು. ಅಧಿಕಾರಿಗಳೂ. ಕೈ ತಲೆಗೆ ತಾಗಿದೆ, ಇದು ‘ಆನ್’. ಈಗ ಕೈಯನ್ನು ನಾಲ್ಕು ಬೆರಳಿನಷ್ಟು ಮೇಲೆತ್ತಿ. ತಾಗಿಲ್ಲ, ಇದು ‘ಅಬವ್’. ಇನ್ನು ಫ್ಯಾನು ನೋಡಿ ಹೇಳಿ ಎಂದರು. ಮಕ್ಕಳು ಮೇಲೆ ನೋಡಿ ‘ಅಬವ್’ ಎಂದು ಕೂಗಿದರು. ನಮ್ಮ ‘ಮೇಲೆ’ ಎರಡನ್ನೂ ಒಂದೇ ಶಬ್ದದಲ್ಲಿ ಹೊರುತ್ತದೆ, ಇಂಗ್ಲಿಷಿನ ಶಬ್ದ ತಾಗಿದೆಯೋ ಇಲ್ಲವೋ ಎಂದು ಮೊದಲು ಕೇಳುತ್ತದೆ ಎಂದು ಅವರು ವಿವರಿಸಿದರು. ಆಮೇಲೆ ಸ್ಟ್ಯಾಂಡು, ರಸ್ತೆ, ಊರು. ಎಲ್ಲಿ ಎಡವುತ್ತೇವೆಂಬುದು ಎಡವಿದವರಿಗೇ ಗೊತ್ತಿರುವುದರಿಂದ ಅವರು ಒಂದೊಂದನ್ನೂ ಸರಿಯಾದ ಜಾಗದಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. ಎರಡು ಕಡೆ ತಡವರಿಸಿದಾಗ ಆ ಹುಡುಗಿಯ ಕಡೆ ನೋಡಿದರು, ಅವಳು ಕೂತಲ್ಲಿಂದಲೇ ಹೇಳಿದಳು. ನಲವತ್ತು ನಿಮಿಷದಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಬರಲಿಲ್ಲವೆಂದು ಉಸಿರು ಬಿಟ್ಟೆ, ಮರುಗಳಿಗೆಯಲ್ಲೇ ನಾಚಿಕೆಯಾಯಿತು.

ಪಾಠ ಮುಗಿದಾಗ ಚಪ್ಪಾಳೆ ಬಹಳ ಹೊತ್ತು ನಡೆಯಿತು. ಹೊರಗೆ ಚಹ ಕೊಡುತ್ತಿದ್ದ ಜಾಗದಲ್ಲಿ ಅಕ್ಕೋರ ಸುತ್ತ ಜನ ನಿಂತಿದ್ದರು. ಗುಂಪು ಕರಗುವವರೆಗೆ ಕಾದೆ. ಕಾಲು ಮುಟ್ಟಲು ಬಗ್ಗಿದೆ, ಅವರು ಎರಡು ಹೆಜ್ಜೆ ಹಿಂದೆ ಸರಿದರು. ಪಾಠ ಭಾಳ ಛಲೋ ಆತ್ರಿ ಎಂದೆ.

ಅವರು ನನ್ನ ಮುಖ ನೋಡಿದರು. ಸಿಟ್ಟಿಲ್ಲದ, ಯಾವ ಸಾಹೇಬರು ಬಂದರೂ ಶಾಲೆಯ ಬಾಗಿಲಲ್ಲಿ ಸಿಗುವಂಥ ನಗೆ ನಕ್ಕರು.

‘ಬರ್ರಿ ಸರ್,’ ಎಂದರು. ‘ನೀವು ಚಾ ತಗೊಂಡ್ರಿಲ್ಲೋ?’

ಯಾರನ್ನು ಮಾತಾಡಿಸುತ್ತಿದ್ದಾರೆಂದು ನಾನು ಹಿಂದಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ.